ಆ ಸೋಮವಾರದ ಅಜ್ಜಿಗೆ

ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ ಸಿಕ್ಕ ಅಜ್ಜಿ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. 1935ರಲ್ಲಿ ಶುರುವಾದ ಆ ನೆಲಮಾಳಿಗೆಯಲ್ಲಿ 1966ರಿಂದಲೂ ಸೋಮವಾರ ಎಂದರೆ ಬಿಗ್ ಬ್ಯಾಂಡ್, ಅಂದರೆ ದೊಡ್ಡ ಜಾಝ್ ವಾದ್ಯತಂಡ. ಹಿಂದೆ ಕೂತು ಕತ್ತು ಚಾಚುತ್ತಿದ್ದ ನನ್ನನ್ನು ಕರೆದು ನಿಮ್ಮ ಜಾಗವನ್ನೇ ಬಿಟ್ಟುಕೊಟ್ಟಿರಿ.

ಸ್ಯಾಕ್ಸೋಫೋನ್ ಸೋಲೋ ಮುಗಿಯಿತು, ಹಾಡು ಇನ್ನೂ ನಡೆದಿತ್ತು. ನಡುವೆ ಚಪ್ಪಾಳೆ ಹೊಡೆಯಬಹುದೋ ಇಲ್ಲವೋ ಅಂತ ಕೈ ಕಟ್ಟಿ ಕೂತಿದ್ದೆ. ಮೊಣಕೈಯಿಂದ ಮೆಲ್ಲಗೆ ತಿವಿದು 'ತಟ್ಟು' ಎಂದು ಸನ್ನೆ ಮಾಡಿದಿರಿ. ನಮ್ಮ ಸಂಗೀತ ಕಛೇರಿಯಲ್ಲಿ ಮೃದಂಗದ ತನಿ ಆವರ್ತನ ಮುಗಿದಾಗ ತಟ್ಟುವ ಹಾಗೇ, ಅಲ್ವಾ?

ಟ್ರಂಪೆಟ್ ಜಾಸ್ತಿ ಹಿಡಿಸಿತು ಎಂದೆ. ನೀವು ನಕ್ಕು, ಬಾಸ್ ಎಂಬ ಆ ದೊಡ್ಡ ತಂತಿವಾದ್ಯದ ಕಡೆಗೂ ಸ್ವಲ್ಪ ಕಿವಿ ಕೊಡು ಎಂದಿರಿ. ಕೊಟ್ಟೆ. ಆಮೇಲೆ ಬೇರೇನೂ ಕೇಳಿಸಲಿಲ್ಲ!

ತುಂಬಾ ಥ್ಯಾಂಕ್ಸ್ ಅಜ್ಜಿ. ಮತ್ತೆ ಬಂದರೆ ನಿಮಗೆ ಕುರ್ಚಿ ನಾನು ಹಿಡಿದಿಡುತ್ತೇನೆ.