ಸೂಜಿಗೆ ದಾರ ಪೋಣಿಸಿದೆ

ನಿನ್ನೆ ಮಧ್ಯಾಹ್ನ ಮಕ್ಕಳಿಬ್ಬರೂ ಮಲಗಿದ ಮೇಲೆ ಹೊಲಿಗೆ ಯಂತ್ರದ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸಿದೆ. ಒಂದೇ ಸಲಕ್ಕೆ ಹೋಯಿತು. ಆರು ತಿಂಗಳ ಹಿಂದೆ ಇದೇ ಕೂಸುಗಳ ಮುಖ ಸರಿಯಾಗಿ ಕಾಣದೆ ಬೆರಳಿನಿಂದ ಸವರಿ ನೋಡಿದವಳು ನಾನು. ಈ ಋಣವನ್ನು ಬಾಯಿಬಿಟ್ಟು ಹೇಳದೆ ಇರಲಾರೆ.

ಬಸಿರಿನ ಐದನೇ ತಿಂಗಳಲ್ಲಿ ಕಣ್ಣಿಗೆ ಮರಳು ಬಿದ್ದಂತೆ ಚುಚ್ಚತೊಡಗಿತು, ಕನ್ನಡಕ ಹಾಕಿದರೂ ಮಸುಕು. ಹೊಸ ಕನ್ನಡಕಕ್ಕೆ ಹೊರಟವಳನ್ನು ತಡೆದವರು ಕಣ್ಣಿನ ವೈದ್ಯೆ. ಬಸಿರಿನಲ್ಲಿ ಮೈ ನೀರು ಹಿಡಿಯುವಂತೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವೂ ಕೊಂಚ ದಪ್ಪವಾಗುತ್ತದೆ, ಕಣ್ಣು ಒಣಗುತ್ತದೆ, ಹೆರಿಗೆಯಾಗಿ ಕೆಲವು ವಾರ ಕಳೆದ ಮೇಲೆ ಪವರ್ ನೋಡೋಣ, ಈಗ ದುಡ್ಡು ಹಾಳು ಮಾಡಬೇಡಿ ಎಂದು ಹನಿ ಔಷಧಿ ಬರೆದುಕೊಟ್ಟರು. ಹೊಟ್ಟೆಯಲ್ಲಿ ಅವಳಿ ಇರುವುದರಿಂದ ಬಿಪಿ ಏರುವ ಸಂಭವ ಹೆಚ್ಚು, ಕಣ್ಣ ಮುಂದೆ ಮಿಂಚು ಬಂದರೆ, ಕಪ್ಪು ಕಟ್ಟಿದರೆ ಅಂದೇ ಆಸ್ಪತ್ರೆಗೆ ಬನ್ನಿ ಎಂದೂ ಹೇಳಿದ್ದರು. ಮೊದಲ ಮಾತು ನನಗೆ ನೆನಪಿತ್ತು, ಎರಡನೆಯದು ಮರೆತೇಹೋಗಿತ್ತು.

33ನೇ ವಾರದ ಒಂದು ಸಂಜೆ ರವಿಕೆ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದೆ. ಪಟ್ಟಿ ಇಟ್ಟು ಎಳೆದ ಗೆರೆ ನಡುವೆ ಬಾಗಿದಂತೆ ಕಂಡಿತು. ಅಳಿಸಿ ಎಳೆದೆ, ಮತ್ತೆ ಬಾಗಿತು. ಪಟ್ಟಿಯೇ ಸೊಟ್ಟಗಾಗಿದೆಯೇನೋ ಎಂದು ತಿರುಗಿಸಿಯೂ ನೋಡಿದೆ. ಬಸುರಿಗೆ ಕಣ್ಣು ಮಂಜಾಗುವುದು ಇದ್ದದ್ದೇ ಎಂದುಕೊಂಡು ಮಲಗಿಬಿಟ್ಟೆ. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ತಾಯಿ ಕಾರ್ಡ್ ನೋಡಲು ಬಂದ ಆಶಾ ಅಕ್ಕ ನನ್ನ ಮುಖ ನೋಡಿದವರೇ, "ಕಣ್ಣು ಹೇಗೆ ಕಾಣಿಸುತ್ತಿದೆ?" ಎಂದು ಕೇಳಿದರು. ಅವರು ಕೇಳದಿದ್ದರೆ ನಾನಾಗಿ ಹೇಳುತ್ತಿರಲಿಲ್ಲ.

ಬಿಪಿ 170/110 ಇತ್ತು. ಅಕ್ಕನೇ 108ಕ್ಕೆ ಕರೆ ಮಾಡಿದರು, ಜಿಲ್ಲಾ ಆಸ್ಪತ್ರೆಯವರೆಗೂ ನನ್ನ ಕೈ ಹಿಡಿದು ಕುಳಿತರು. ಫಿಟ್ಸ್ ಬಾರದಂತೆ ಮೆಗ್ನೀಸಿಯಮ್ ಸಲ್ಫೇಟ್ ಚುಚ್ಚಿ, ಬಿಪಿ ಇಳಿಸಿ, ಆ ರಾತ್ರಿಯೇ ಸಿಸೇರಿಯನ್ ಮಾಡಿದ ವೈದ್ಯರಿಗೆ, ನನ್ನ ಪಕ್ಕ ಬಿಟ್ಟು ಕದಲದ ಸಿಸ್ಟರ್‌ಗಳಿಗೆ ಕೈಮುಗಿಯುತ್ತೇನೆ. ಮಗಳು 1.7 ಕಿಲೋ, ಮಗ 1.5. ನವಜಾತ ಶಿಶು ಘಟಕದವರು ಅವರನ್ನು ನನ್ನ ಎದೆಗೆ ಕಟ್ಟಿಕೊಳ್ಳುವುದನ್ನು ಕಲಿಸಿದರು.

ಕಣ್ಣು ಮಾತ್ರ ಮಸುಕಾಗಿಯೇ ಇತ್ತು. ಎರಡೂ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ರೆಟಿನಾ ಎಂಬ ಪರದೆಯ ಹಿಂದೆ ನೀರು ತುಂಬಿ ಅದು ಮೇಲೆದ್ದಿದೆ ಎಂದಾಗ ಹೊಲಿಗೆ ಮುಗಿಯಿತು, ಬದುಕೂ ಮುಗಿಯಿತು ಎಂದು ಅತ್ತುಬಿಟ್ಟೆ. ಅಲ್ಲಿನ ಕಣ್ಣಿನ ವೈದ್ಯರು ಸ್ಟೂಲ್ ಎಳೆದುಕೊಂಡು ಕುಳಿತು ಸಮಾಧಾನವಾಗಿ ಹೇಳಿದರು: ಬಿಪಿಯಿಂದ ಬಂದದ್ದು, ಬಿಪಿ ಹತೋಟಿಗೆ ಬಂದರೆ ಬಹುತೇಕರಿಗೆ ನೀರು ತಾನೇ ಇಂಗುತ್ತದೆ, ಇದಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಹಾಗೆಯೇ ಆಯಿತು. ವಾರಗಳು ಕಳೆದಂತೆ ಮೊದಲು ಬಾಗಿಲ ಚೌಕಟ್ಟು ನೆಟ್ಟಗಾಯಿತು, ಆಮೇಲೆ ಮಗಳ ರೆಪ್ಪೆಗಳು ಒಂದೊಂದಾಗಿ ಕಂಡವು.

ಒಂದು ದಿನವೂ "ಇನ್ನೂ ಕಾಣುವುದಿಲ್ಲವೇ" ಎನ್ನದೆ ರಾತ್ರಿಯೆಲ್ಲ ಎರಡು ಕೂಸುಗಳನ್ನು ನೋಡಿಕೊಂಡ ಅತ್ತೆಗೆ, ಬಿಪಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಅಂಗೈಗೆ ಇಟ್ಟ ನನ್ನವರಿಗೆ ಏನೆಂದು ಹೇಳಲಿ, ಮಾತು ಸಾಲದು.

ಆಶಾ ಅಕ್ಕ, ಅಳತೆಯ ರವಿಕೆ ಕಳಿಸಿಕೊಡಿ. ಮೊದಲ ಹೊಲಿಗೆ ನಿಮ್ಮದೇ.