ಪಾದರಸದ ಥರ್ಮಾಮೀಟರ್, ಬಿ.ಪಿ. ಯಂತ್ರಗಳ ಮಾರಾಟ ನಿಲ್ಲಿಸಿದ್ದೇವೆ

ಕಲಬುರಗಿ

ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ನಮ್ಮ ಸಹಕಾರಿ ಔಷಧ ಮಳಿಗೆಯಲ್ಲಿ ಈ ತಿಂಗಳಿನಿಂದ ಪಾದರಸದ ಥರ್ಮಾಮೀಟರ್ ಮತ್ತು ಬಿ.ಪಿ. ಯಂತ್ರಗಳು ಸಿಗುವುದಿಲ್ಲ, ಡಿಜಿಟಲ್ ಉಪಕರಣಗಳಷ್ಟೇ ಇರುತ್ತವೆ. ಗಾಜಿನದ್ದೇ ಬೇಕು ಎಂದು ಜೇವರ್ಗಿ, ಆಳಂದದಿಂದ ಬಂದು ಕೇಳುವವರು ಇಂದಿಗೂ ಇದ್ದಾರೆ. ಈ ಪತ್ರ ಮುಖ್ಯವಾಗಿ ಅವರಿಗಾಗಿ.

ಗಾಜು ಒಡೆದರೆ ಪಾದರಸ ಮಣಿಮಣಿಯಾಗಿ ಸಿಡಿದು ಶಹಾಬಾದ್ ಕಲ್ಲಿನ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ತೆಗೆಯದಿದ್ದರೆ ಅಲ್ಲಿಂದಲೇ ಬಹುಕಾಲ ಆವಿಯಾಗುತ್ತಿರುತ್ತದೆ. ಆ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಿಸಿಲೇರಿದಷ್ಟೂ ಅದು ಹೆಚ್ಚುತ್ತದೆ: 20 ಡಿಗ್ರಿಯಲ್ಲಿ ಏಳುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಐದು ಪಟ್ಟು. ನಮ್ಮ ಮೇ ತಿಂಗಳು ಹೇಗಿರುತ್ತದೆಂದು ನಿಮಗೇ ಗೊತ್ತು. ಮಗು ಪಾದರಸ ನುಂಗಿತೆಂದು ಗಾಬರಿಯಿಂದ ಓಡಿಬರುವವರಿದ್ದಾರೆ. ನುಂಗಿದ ಪಾದರಸದ ಬಹುಪಾಲು ಮಲದೊಂದಿಗೆ ಹೊರಹೋಗುತ್ತದೆ. ಗಾಜಿನ ಚೂರಿಗಾಗಿ ವೈದ್ಯರಿಗೆ ತೋರಿಸಬೇಕು, ಅಷ್ಟೆ. ನಿಜವಾದ ಅಪಾಯ ಉಸಿರಿನದು. ಒಳಗೆಳೆದುಕೊಂಡ ಆವಿಯ ಸುಮಾರು ಶೇ 80 ಭಾಗ ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡಗಳನ್ನು ತಲುಪುತ್ತದೆ. ಕೈನಡುಕ, ನಿದ್ರಾಹೀನತೆ, ಮರೆವು ಬರುತ್ತವೆ. ನೆಲದ ಮೇಲೆ ಅಂಬೆಗಾಲಿಡುವ ಕೂಸಿಗೆ ಅಪಾಯ ಎಲ್ಲರಿಗಿಂತ ಹೆಚ್ಚು.

ಥರ್ಮಾಮೀಟರ್‌ನಲ್ಲಿರುವುದು ಹೆಚ್ಚೆಂದರೆ ಒಂದೆರಡು ಗ್ರಾಂ. ಬಿ.ಪಿ. ಯಂತ್ರದಲ್ಲಿ ನೂರು ಗ್ರಾಂವರೆಗೂ ಇರುತ್ತದೆ. ಚರಂಡಿಗೆ ಸುರಿದರೂ ಅದು ಮಾಯವಾಗುವುದಿಲ್ಲ. ಕೆರೆ ಹೊಳೆಗಳ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರವಾದ ಮೀಥೈಲ್ ಪಾದರಸವಾಗಿಸುತ್ತವೆ, ಅದು ಮೀನುಗಳ ಮೈಯಲ್ಲಿ ಶೇಖರವಾಗುತ್ತದೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ದುರಂತಕ್ಕೆ ಕಾರಣ ಕಾರ್ಖಾನೆಯೊಂದು ಕೊಲ್ಲಿಗೆ ಹರಿಸಿದ ಇದೇ ವಿಷ. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಕೈಬಿಡಬೇಕಾದ ವಸ್ತುಗಳ ಅದರ ಪಟ್ಟಿಯಲ್ಲಿ ಈ ಎರಡೂ ಉಪಕರಣಗಳಿವೆ.

ಡಿಜಿಟಲ್ ಸರಿಯಾಗಿ ತೋರಿಸುವುದಿಲ್ಲ ಎಂಬ ದೂರು ಹಳೆಯದು. ಬೀಪ್ ಬರುವ ಮೊದಲೇ ಕಂಕುಳಿಂದ ತೆಗೆದರೆ, ಬ್ಯಾಟರಿ ಇಳಿದಿದ್ದರೆ ಲೆಕ್ಕ ತಪ್ಪುತ್ತದೆ. ಬಿ.ಪಿ. ಯಂತ್ರಕ್ಕೆ ತೋಳಿನ ಅಳತೆಗೆ ಹೊಂದುವ ಸುತ್ತುಪಟ್ಟಿಯೇ (ಕಫ್) ಬೇಕು. ಮಳಿಗೆಗೆ ಬನ್ನಿ, ಅಳೆದು ತೋರಿಸಿಯೇ ಕೊಡುತ್ತೇವೆ.

ಮನೆಯಲ್ಲಿರುವ ಹಳೆಯದು ಒಡೆದರೆ ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆಯಿರಿ, ಮಕ್ಕಳನ್ನು ಹೊರಗೆ ಕಳುಹಿಸಿ. ಪೊರಕೆ ಬೇಡ, ಅದರಿಂದ ಮಣಿಗಳು ಇನ್ನಷ್ಟು ಚದುರುತ್ತವೆ. ಚಿನ್ನಕ್ಕೆ ಪಾದರಸ ಅಂಟುವುದರಿಂದ ಉಂಗುರ, ಬಳೆ ತೆಗೆದಿಡಿ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಮಣಿಗಳು ಹೊಳೆಯುತ್ತವೆ. ದಪ್ಪ ಕಾಗದದಿಂದ ಒಟ್ಟುಗೂಡಿಸಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಿ.

ಆ ಬಾಟಲಿಯನ್ನೂ ಒಡೆಯದ ಹಳೆಯ ಉಪಕರಣಗಳನ್ನೂ ಕಸದ ಗಾಡಿಗೆ ಹಾಕದೆ ನಮಗೆ ತಂದುಕೊಡಿ. ನಮ್ಮಲ್ಲಿ ಕೊಂಡಿರದಿದ್ದರೂ ಹಣ ಪಡೆಯದೆ ತೆಗೆದುಕೊಂಡು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಸ್ಥೆಗೆ ಒಪ್ಪಿಸುತ್ತೇವೆ.

ಇಂತಿ,
ಆಡಳಿತ ಮಂಡಳಿ ಮತ್ತು ಮಳಿಗೆಯ ಸಿಬ್ಬಂದಿ