978 ಅಳಿಸಿದ ರಾತ್ರಿ ಜೊತೆಗಿದ್ದವರಿಗೆ

ಭಾನುವಾರ ಸಂಜೆ ನಮ್ಮ ಓವರ್‌ಕ್ಲಾಕಿಂಗ್ ಗ್ರೂಪಿನ ಪಟ್ಟಿಯಲ್ಲಿ ನನ್ನ ಹೆಸರು ಮತ್ತೆ ಬಂತು. ಕಂಪ್ಯೂಟರಿನ ಚಿಪ್ಪನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವ ಸ್ಪರ್ಧೆ ನಮ್ಮದು. ಚಿಪ್ಪಿನ ವೇಗ ಅಳೆದು ಸ್ಕೋರು ಕೊಡುವ ಸಿನಿಬೆಂಚ್ ಆರ್15 ಪ್ರೋಗ್ರಾಮಿನಲ್ಲಿ 961, ಮೂರನೇ ಜಾಗ. ನನ್ನದೇ ಚಿಪ್, ಬರೀ ಫ್ಯಾನಿನ ಗಾಳಿ, ಪಕ್ಕದಲ್ಲಿ ನಿಂತು ನೋಡೋಕೆ ಇಬ್ಬರು. ಅವತ್ತಿನಿಂದ ತುಂಬಾ ಜನ ಮೆಸೇಜ್ ಮಾಡಿದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋಣ ಅಂತ ಕೂತೆ, ಎರಡು ಸಾಲು ಬರೆಯುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ನಮ್ಮ ಗ್ರೂಪಿನಲ್ಲಿ ಏನಾಯಿತು ಅನ್ನೋದು ನಿಮಗೆ ಗೊತ್ತೇ ಇದೆ: ಮೊದಲ ಜಾಗಕ್ಕೆ ಬಂದ ನನ್ನ 978 ಸ್ಕೋರು ಮೋಸದ್ದು ಅಂತ ನನ್ನನ್ನು ಕಳ್ಳ ಅಂದರು. ಯಾರು ಏನಂದರು ಅಂತ ಮತ್ತೆ ಕೆದಕುವುದಿಲ್ಲ. ಆಗ ಎರಡು ದಿನ ರಜೆ ಕೊಟ್ಟು ಕಾರಣ ಕೇಳದ ನಮ್ಮ ಅಂಗಡಿ ಮಾಲಕರಿಗೆ, ನನ್ನ ಫೋನನ್ನು ಕಸಿದುಕೊಂಡು ಮಲಗು ಅಂದ ಅಕ್ಕನಿಗೆ, ಸೇಡಂ ರಸ್ತೆಯ ರೂಮಿನಿಂದ ದಿನಾ ಬಂದು ಸುಮ್ನೆ ಪಕ್ಕದಲ್ಲಿ ಕೂತು ಹೋಗುತ್ತಿದ್ದ ಕಾಲೇಜು ಹುಡುಗರಿಗೆ, ಎಲ್ಲರಿಗೂ ಥ್ಯಾಂಕ್ಸ್. ನಿಮ್ಮನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಸಾಲುಗಳೆಲ್ಲ ಬೀದರ್ ಅಣ್ಣನಿಗೆ ಸೇರಬೇಕು. ಯಾಕೆ ಅಂತ ನಿಮಗೂ ಗೊತ್ತಾಗುತ್ತದೆ.

ಅಣ್ಣ ಮತ್ತು ನಾನು ಆಗ ಗೆಳೆಯರಾಗಿರಲಿಲ್ಲ. ಎದುರಾಳಿಗಳು. ಎರಡು ವರ್ಷ ಅವರ ಸ್ಕೋರು ದಾಟೋಕೆ ನಾನು, ನನ್ನದು ದಾಟೋಕೆ ಅವರು, ಹೀಗೇ ನಡೆದಿತ್ತು. ನಾನು 978 ಹಾಕಿದಾಗ ಎರಡನೇ ಜಾಗಕ್ಕೆ ಇಳಿದವರು ಅವರೇ. ಸಿಟ್ಟು ಬರೋಕೆ ಎಲ್ಲರಿಗಿಂತ ಜಾಸ್ತಿ ಕಾರಣ ಇದ್ದದ್ದು ಅವರಿಗೆ. ಆದರೆ ಗ್ರೂಪಿನಲ್ಲಿ ಅಷ್ಟು ಗದ್ದಲ ನಡೆಯುವಾಗ ಅವರು ಒಂದು ಮಾತೂ ಬರೆಯಲಿಲ್ಲ. ನೇರ ನನಗೆ ಫೋನ್ ಮಾಡಿದರು.

"ತಮ್ಮಾ, ಆ ನಂಬರ್ ನಂಗ ಸರಿ ಅನಸವಲ್ದು. ನೀ ಸುಳ್ಳ ಹೇಳ್ತಿ ಅಂತ ಅಲ್ಲ. ನಂಬರ್ ಸರಿ ಇಲ್ಲ. ನಾ ಬರ್ತೀನಿ, ಇಬ್ಬರೂ ಕೂತು ನೋಡೋಣ."

ಬೀದರಿನಿಂದ ಕಲಬುರಗಿಗೆ ಸುಮಾರು 110 ಕಿಲೋಮೀಟರ್. ಕೆಲಸ ಮುಗಿಸಿಕೊಂಡು, ಹುಮನಾಬಾದ್, ಕಮಲಾಪುರ ದಾಟಿ, ಆ ಬಿಸಿಲ ಝಳದಲ್ಲಿ ಬೈಕಿನಲ್ಲಿ ಬಂದರು. ಬ್ಯಾಗಿನಲ್ಲಿ ವಿಂಡೋಸ್ 7 ಹಾಕಿದ ಒಂದು ಹಳೆಯ ಎಸ್‌ಎಸ್‌ಡಿ ಡಿಸ್ಕು, ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟಿನ ಟ್ಯೂಬು, ಜೊತೆಗೆ ಕಮಲಾಪುರದ ಕೆಂಪು ಬಾಳೆಹಣ್ಣು. ಹಣ್ಣು ಅವ್ವನ ಕೈಗೆ ಕೊಟ್ಟು ಕೈಕಾಲು ತೊಳೆದು ಬಂದವರೇ ನನ್ನ ಟೇಬಲ್ ಮುಂದೆ ಕೂತರು.

ಓವರ್‌ಕ್ಲಾಕಿಂಗ್ ಅಂದರೆ ಹೊರಗಿನವರಿಗೆ ನೆನಪಾಗುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸುರಿಯುವ ವಿಡಿಯೋಗಳು. ನಮ್ಮದು ಹಾಗಲ್ಲ. ಸೆಕೆಂಡ್ ಹ್ಯಾಂಡ್ ಇಂಟೆಲ್ ಐ7-4790ಕೆ ಚಿಪ್, ಒಂದು ದೊಡ್ಡ ಕೂಲರ್, ಎರಡು ಫ್ಯಾನ್. ಗಾಳಿಯಿಂದ ತಣಿಸುವಾಗ ಚಿಪ್ ಎಂದೂ ರೂಮಿಗಿಂತ ತಂಪಾಗುವುದಿಲ್ಲ. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಹೇಳಬೇಕಾ? ಅವತ್ತು ರಾತ್ರಿ ಹತ್ತಾದರೂ ರೂಮಿನಲ್ಲಿ 35 ಡಿಗ್ರಿ ಇತ್ತು. ಅಣ್ಣ ಥರ್ಮಾಮೀಟರ್ ನೋಡಿ ಮೊದಲು ಹೇಳಿದ್ದು ಇದು: "ನೋಡು, ನನ್ನ ಸ್ಕೋರಿನಾಗ ಬೀದರಿನ ತಂಪು ಹವಾನೂ ಸೇರ್ಯದ. ಇಷ್ಟು ದಿನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ನನ್ನ ತಪ್ಪು ಹುಡುಕೋಕೆ ಅಂತ ಬಂದ ಮನುಷ್ಯ ಮೊದಲು ತಮ್ಮ ಲೆಕ್ಕ ಬಿಚ್ಚಿಟ್ಟರು. ನನಗೆ ಆಗಲೇ ಅರ್ಧ ಭಾರ ಇಳಿದಿತ್ತು.

ಆಮೇಲೆ ನಾನು 978 ಮಾಡಿದ ದಿನ ಏನೇನು ಮಾಡಿದ್ದೆನೋ ಅದೆಲ್ಲ ಮತ್ತೆ ಮಾಡು ಅಂದರು. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗಿನಲ್ಲಿ, ಬೇಸ್ ಕ್ಲಾಕ್ 104 ಮೆಗಾಹರ್ಟ್ಜ್ ಇಟ್ಟು ವಿಂಡೋಸ್ 10 ಶುರು ಮಾಡಿದೆ. ಬಿಸಿ ತಡೆಯುವುದಿಲ್ಲ ಅಂತ ವಿಂಡೋಸ್ ಒಳಗೇ ಅದನ್ನು 100ಕ್ಕೆ ಇಳಿಸಿದೆ, ಮಲ್ಟಿಪ್ಲೈಯರ್ 47. ಎರಡನ್ನೂ ಗುಣಿಸಿದರೆ ಚಿಪ್ಪಿನ ವೇಗ, 4.7 ಗಿಗಾಹರ್ಟ್ಜ್. ಅಷ್ಟಕ್ಕೆ ಅಣ್ಣ ಕೈ ಹಿಡಿದು ನಿಲ್ಲಿಸಿದರು. ತಮ್ಮ ಫೋನಿನಲ್ಲಿ ಸ್ಟಾಪ್‌ವಾಚ್ ತೆಗೆದರು, ಕಂಪ್ಯೂಟರಿನಲ್ಲೂ ಒಂದು ಸ್ಟಾಪ್‌ವಾಚ್ ತೆಗೆಯೋಕೆ ಹೇಳಿದರು, ಎರಡನ್ನೂ ಒಟ್ಟಿಗೆ ಒತ್ತಿದೆವು. ಫೋನಿನಲ್ಲಿ ಸರಿಯಾಗಿ 5 ನಿಮಿಷ ಆದಾಗ ಕಂಪ್ಯೂಟರ್ 4 ನಿಮಿಷ 48 ಸೆಕೆಂಡು ತೋರಿಸುತ್ತಿತ್ತು.

ಇಬ್ಬರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಹಳೆಯ ಇಂಟೆಲ್ ಚಿಪ್ಪುಗಳಲ್ಲಿ, ವಿಂಡೋಸ್ 8 ಅಥವಾ 10 ನಡೆಯುತ್ತಿರುವಾಗ ಬೇಸ್ ಕ್ಲಾಕ್ ಇಳಿಸಿದರೆ ಕಂಪ್ಯೂಟರಿನ ಗಡಿಯಾರವೂ ಅದರ ಜೊತೆ ನಿಧಾನ ಆಗುತ್ತದೆ. ನಿಜವಾಗಿ 12 ಸೆಕೆಂಡು ಕಳೆದಿದ್ದರೂ ಅದು ಹನ್ನೊಂದೂವರೆ ಅಂತ ಎಣಿಸುತ್ತದೆ. ಕಡಿಮೆ ಸಮಯದಲ್ಲಿ ಕೆಲಸ ಮುಗಿಯಿತು ಅಂತ ಸ್ಕೋರು ಜಾಸ್ತಿ ಕೊಡುತ್ತದೆ. ನಾನು ಮೋಸ ಮಾಡಿರಲಿಲ್ಲ. ಆದರೆ ನನ್ನ ನಂಬರ್ ಸುಳ್ಳಾಗಿತ್ತು. ಅಣ್ಣನ ಎಸ್‌ಎಸ್‌ಡಿ ಹಾಕಿ, ಈ ತೊಂದರೆ ಇಲ್ಲದ ವಿಂಡೋಸ್ 7ರಲ್ಲಿ ಅದೇ 4.7 ಗಿಗಾಹರ್ಟ್ಜ್‌ಗೆ ಓಡಿಸಿದೆವು. 941. ಮತ್ತೊಮ್ಮೆ, 940. ಮತ್ತೊಮ್ಮೆ, 941.

ಅಷ್ಟರಲ್ಲಿ ಕರೆಂಟ್ ಹೋಯಿತು. ಮಾಳಿಗೆ ಮೇಲೆ ಹೋಗಿ ಕೂತೆವು. ಅಲ್ಲಿ ನಾನು ಅತ್ತೆ. ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ದಿನ ಯೋಚಿಸಿದೆ, ಬರೆಯುತ್ತೇನೆ. ಒಂದು ವಾರ ನನ್ನನ್ನು ಕಳ್ಳ ಅಂದಿದ್ದರು. ನಾನು ಊಟ ಬಿಟ್ಟಿದ್ದೆ. ಎಲ್ಲ ಸಾಮಾನು ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿಟ್ಟಿದ್ದೆ. ಅವ್ವ "ಯಾಕ ಮಾರಿ ಸಣ್ಣದು ಮಾಡ್ಕೊಂಡಿ" ಅಂತ ಕೇಳಿದರೆ ಏನಂತ ಹೇಳುವುದು? ಇಷ್ಟೆಲ್ಲ ಆದ ಮೇಲೆ ಗ್ರೂಪಿನವರು ಹೇಳಿದ್ದೇ ನಿಜ, ನಂಬರ್ ಸುಳ್ಳು ಅಂತ ಗೊತ್ತಾದಾಗ ಕಾಲ ಕೆಳಗಿನ ನೆಲವೇ ಹೋದಂತೆ ಆಯಿತು. "ಅಣ್ಣಾ, ಈಗ ನಾನು ನಿಜವಾಗ್ಲೂ ಕಳ್ಳ ಆದೆ ಅಲ್ವಾ" ಅಂದೆ.

ಅಣ್ಣ ನನ್ನ ಬೆನ್ನ ಮೇಲೆ ಕೈ ಇಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ 2013ರ ಕಥೆ ಹೇಳಿದರು. ಜಗತ್ತಿನ ಓವರ್‌ಕ್ಲಾಕಿಂಗ್ ದಾಖಲೆಗಳನ್ನು ಇಡುವ ಎಚ್‌ಡಬ್ಲ್ಯೂಬಾಟ್ ವೆಬ್‌ಸೈಟಿನಲ್ಲೇ ಇದೇ ಗಡಿಯಾರದ ತೊಂದರೆ ಸಿಕ್ಕಿಬಿದ್ದು, ಆಗ ವಿಂಡೋಸ್ 8ರ ಸ್ಕೋರುಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. "ಅಷ್ಟು ತಿಳಿದವರ ಸ್ಕೋರೂ ಹೋದ್ವು ತಮ್ಮಾ. ಅವರ್ಯಾರೂ ಕಳ್ಳರಲ್ಲ. ಗೊತ್ತಾದ ಮ್ಯಾಲೆ ಇಟ್ಕೊಂಡ್ರ ಮಾತ್ರ ಬ್ಯಾರೆ ಮಾತು." ಅವ್ವ ಮೇಲೆಯೇ ಚಹಾ ತಂದು ಕೊಟ್ಟಳು. ರಾತ್ರಿ ಎರಡೂವರೆಗೆ ಕರೆಂಟ್ ಬಂತು. ಕೆಳಗೆ ಹೋಗಿ 978 ಅನ್ನು ನಾನೇ ಅಳಿಸಿದೆ. ಅಣ್ಣ ಗ್ರೂಪಿನಲ್ಲಿ ಮೊದಲ ಸಲ ಬರೆದರು: ನಾನು ಎದುರಿಗೆ ಕೂತು ನೋಡಿದ್ದೇನೆ, ಗಡಿಯಾರ ತಪ್ಪಿತ್ತು, ಹುಡುಗ ತಾನೇ ಸ್ಕೋರು ತೆಗೆದಿದ್ದಾನೆ. ಅಷ್ಟೇ. ಬೆಳಿಗ್ಗೆ ರೊಟ್ಟಿ ತಿಂದು ಹೊರಟರು.

ಅನುಮಾನ ಪಟ್ಟವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಕೇಳಿದ್ದು ಸರಿ. ಸ್ಪರ್ಧೆ ಅಂದ ಮೇಲೆ ಕೇಳಲೇಬೇಕು. ಕೇಳಿದ ರೀತಿ ಮಾತ್ರ ಇನ್ನೂ ನೋಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮೂವರು ಫೋನ್ ಮಾಡಿ ತಪ್ಪಾಯಿತು ಅಂದರು, ಅವರಿಗೂ ಮನಸಾರೆ ಥ್ಯಾಂಕ್ಸ್. ಅವತ್ತಿನಿಂದ ನಮ್ಮಲ್ಲಿ ಹಳೆಯ ಚಿಪ್ಪುಗಳಿಗೆ ವಿಂಡೋಸ್ 7 ಕಡ್ಡಾಯ ಆಯಿತು, ಸ್ಕೋರಿನ ಫೋಟೋದಲ್ಲಿ ಚಿಪ್ಪಿನ ಹೆಸರು, ವೇಗ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಮಿನ ಜೊತೆ ರೂಮಿನ ಥರ್ಮಾಮೀಟರೂ ಕಾಣಬೇಕು ಅಂತ ಆಯಿತು. ಥರ್ಮಾಮೀಟರ್ ಮಾತು ಎತ್ತಿದ್ದು ಅಣ್ಣನೇ, ಅದರಿಂದ ಅವರಿಗೇ ನಷ್ಟ.

961ಕ್ಕೆ ಮುಟ್ಟೋಕೆ ಆರು ತಿಂಗಳು ಹಿಡಿಯಿತು. ಈ ಚಿಪ್ಪಿನ ಮುಚ್ಚಳದ ಕೆಳಗೆ ಇರುವುದು ಬೆಸುಗೆ ಅಲ್ಲ, ಪೇಸ್ಟು; ಅದು ಬೆಸುಗೆಯಷ್ಟು ಚೆನ್ನಾಗಿ ಬಿಸಿ ದಾಟಿಸುವುದಿಲ್ಲ. ಅಣ್ಣ ವಿಡಿಯೋ ಕಾಲಿನಲ್ಲಿ ಹೇಳುತ್ತಾ ಹೋದರು, ನಾನು ಪರಿಚಯದವರ ವರ್ಕ್‌ಶಾಪಿನಲ್ಲಿ ಚಿಪ್ಪನ್ನು ವೈಸಿಗೆ ಹಿಡಿದು ಮುಚ್ಚಳ ಬಿಚ್ಚಿ ಪೇಸ್ಟು ಬದಲಿಸಿದೆ. ಕೈ ಎಷ್ಟು ನಡುಗುತ್ತಿತ್ತು ಅಂದರೆ ಎರಡು ಸಲ ನಿಲ್ಲಿಸಬೇಕಾಯಿತು. ಬಿಸಿ 14 ಡಿಗ್ರಿ ಇಳಿಯಿತು, ಚಿಪ್ 4.8 ಗಿಗಾಹರ್ಟ್ಜ್ ತಡೆದುಕೊಂಡಿತು. ಈಗ ಡಿಸೆಂಬರ್, ರೂಮು 24 ಡಿಗ್ರಿ ಇತ್ತು, ಅದನ್ನೂ ಸ್ಕೋರಿನ ಜೊತೆ ಬರೆದಿದ್ದೇನೆ.

ಇನ್ನೊಂದು ಮಾತು ಹೇಳಲೇಬೇಕು. ಒಂದೇ ಹೆಸರಿನ ಚಿಪ್ ಆದರೂ ಎರಡು ಒಂದೇ ತರ ಇರುವುದಿಲ್ಲ. ಅಷ್ಟೇ ವೋಲ್ಟೇಜಿಗೆ ಒಂದು 4.6ಕ್ಕೆ ಸುಸ್ತಾದರೆ ಇನ್ನೊಂದು 5ರ ತನಕ ಹೋಗುತ್ತದೆ. ದುಡ್ಡಿದ್ದವರು ಹತ್ತು ಕೊಂಡು ಒಳ್ಳೆಯದೊಂದನ್ನು ಇಟ್ಟುಕೊಳ್ಳುತ್ತಾರೆ. ಅಣ್ಣನ ಹತ್ತಿರ ನನ್ನದಕ್ಕಿಂತ ಒಳ್ಳೆಯ ಇನ್ನೊಂದು 4790ಕೆ ಇತ್ತು, ಅಕ್ಟೋಬರಿನಲ್ಲಿ ಬಾಯಿಬಿಟ್ಟು ಕೇಳಿದೆ. ಪೇಸ್ಟು ಕೊಟ್ಟರು, ಫ್ಯಾನು ಕೊಟ್ಟರು, ರಾತ್ರಿಗಟ್ಟಲೆ ಸಮಯ ಕೊಟ್ಟರು. "ಚಿಪ್ ಕೊಡಂಗಿಲ್ಲ" ಅಂದರು. ನಮ್ಮ ನಿಯಮದಲ್ಲಿ ಚಿಪ್ ತನ್ನದೇ ಇರಬೇಕು. ಆವತ್ತು ಸ್ವಲ್ಪ ಬೇಜಾರಾಗಿತ್ತು ಅಣ್ಣಾ, ಭಾನುವಾರ ಸಂಜೆ 961 ಕಂಡಾಗ ಅದು ಪೂರ್ತಿ ಹೋಯಿತು.

ಮುಂದಿನ ವಾರ ಅಣ್ಣನ ಸರದಿ. ಹೊಸ ಸ್ಕೋರು ಹಾಕುತ್ತಾರಂತೆ, ಪಕ್ಕದಲ್ಲಿ ನಿಂತು ನೋಡೋಕೆ ನನ್ನನ್ನೇ ಕರೆದಿದ್ದಾರೆ. ಶನಿವಾರ ಸಂಜೆಯ ರೈಲಿಗೆ ಬರುತ್ತೇನೆ ಅಣ್ಣಾ. ಥರ್ಮಾಮೀಟರ್ ತರುತ್ತೇನೆ. ಅವ್ವ ಶೇಂಗಾ ಹಿಂಡಿ ಈಗಲೇ ಡಬ್ಬಿಗೆ ತುಂಬಿಟ್ಟಿದ್ದಾಳೆ.